ಚಿತ್ರಪುಸ್ತಕ ಓದಿ ಹೇಳಿದರೂ ಮಕ್ಕಳ ಕಿತ್ತಾಟ ನಿಲ್ಲುತ್ತಿಲ್ಲ, ಎಲ್ಲಿ ತಪ್ಪುತ್ತಿದ್ದೇನೆ?

ನಿಮ್ಮ ಪ್ರಶ್ನೆ ಓದುವಾಗ ನನ್ನ ತರಗತಿಯೇ ಕಣ್ಮುಂದೆ ಬಂತು. ಎರಡನೇ ತರಗತಿಗೆ ಹಂಚಿಕೊಳ್ಳುವ ಕಥೆ ಓದುತ್ತೀರಿ. ಕೊನೆಗೆ ‘ಇದರಿಂದ ಏನು ಕಲಿತಿರಿ?’ ಎಂದು ಕೇಳುತ್ತೀರಿ. ಎಲ್ಲರೂ ಒಟ್ಟಿಗೆ ‘ಹಂಚಿಕೊಳ್ಳಬೇಕು ಮಿಸ್’ ಅನ್ನುತ್ತಾರೆ. ಹತ್ತು ನಿಮಿಷ ಕಳೆಯುವುದರೊಳಗೆ ಒಂದು ರಬ್ಬರಿಗೆ ಕಿತ್ತಾಟ. ಪುಸ್ತಕದ ಆಯ್ಕೆ ತಪ್ಪಾಯಿತೇ ಎಂದು ಕೇಳಿದ್ದೀರಿ. ನನಗೇನೋ ಕಥೆಯ ಕೊನೆಗೆ ಕೇಳುವ ‘ಏನು ಕಲಿತಿರಿ’ ಎಂಬ ಪ್ರಶ್ನೆಯೇ ತೊಂದರೆ ಅನ್ನಿಸುತ್ತದೆ.

ನಾನು ಹನ್ನೆರಡು ವರ್ಷದಿಂದ ಚಿಕ್ಕ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ‘ಏನು ಕಲಿತಿರಿ’ ಅಂದ ಕೂಡಲೇ ಮಗುವಿಗೆ ಇದೂ ಒಂದು ಪರೀಕ್ಷೆ ಎಂದು ಗೊತ್ತಾಗಿಬಿಡುತ್ತದೆ. ನಮಗೆ ಬೇಕಾದ ಉತ್ತರ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಕಥೆ ಅಲ್ಲಿಗೇ ಮುಗಿಯಿತು.

ಹೀಗೆ ಮಾಡಿ ನೋಡಿ. ಮೊದಲ ದಿನ ಎಲ್ಲೂ ನಿಲ್ಲಿಸದೆ ಓದಿ. ಮಕ್ಕಳು ಕಥೆಯನ್ನು ಕಥೆಯಾಗಿಯೇ ಅನುಭವಿಸಲಿ. ಮರುದಿನ ಅದೇ ಪುಸ್ತಕ ತೆಗೆದು ಒಂದೇ ಒಂದು ಚಿತ್ರದ ಹತ್ತಿರ ನಿಲ್ಲಿ. ಪದಗಳ ಮೇಲೆ ಒಂದು ಹಾಳೆ ಮುಚ್ಚಿ. ‘ಇವಳಿಗೆ ಒಳಗೊಳಗೆ ಏನಾಗುತ್ತಿರಬಹುದು?’ ಎಂದು ಕೇಳಿ ಸುಮ್ನೆ ಇದ್ದುಬಿಡಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಆ ಮೌನ ಕಷ್ಟ, ನನಗೆ ಈಗಲೂ ಕಷ್ಟ.

ಒಂದು ಸಲ ಇಂಥದ್ದೇ ಚಿತ್ರ ಹಿಡಿದು ಕೂತಿದ್ದೆ. ಮಕ್ಕಳು ಆಡುತ್ತಿದ್ದಾರೆ, ಒಬ್ಬಳು ಅಂಚಿನಲ್ಲಿ ನಿಂತಿದ್ದಾಳೆ. ‘ಸಿಟ್ಟು’ ಎಂದಿತು ಒಂದು ಮಗು. ‘ಬೇಜಾರು’ ಎಂದಿತು ಇನ್ನೊಂದು. ಆಮೇಲೆ ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ, ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗನೊಬ್ಬ ಹೇಳಿದ: ‘ಇಲ್ಲ ಮಿಸ್, ಪೆಚ್ಚಾಗಿದ್ದಾಳೆ. ಕರೀತಾರೆ ಅಂದ್ಕೊಂಡಿದ್ಲು.’ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಎದ್ದು ಬಂದು ಚಿತ್ರದಲ್ಲಿದ್ದ ಬೂಟಿನ ಮೇಲೆ ಬೆರಳಿಟ್ಟ. ಅವಳ ಮುಖ ಬೇರೆ ಕಡೆ ತಿರುಗಿತ್ತು, ಪಾದ ಮಾತ್ರ ಆಡುವವರ ಕಡೆಗೇ ಇತ್ತು. ಆ ಪುಸ್ತಕವನ್ನು ನಾನು ಎಷ್ಟೋ ಸಲ ಓದಿದ್ದೆ, ಆ ಪಾದ ನೋಡಿರಲಿಲ್ಲ.

ಪೆಚ್ಚಾಗುವುದು ಎಂಬ ಮಾತು ಅವತ್ತಿನಿಂದ ನಮ್ಮ ತರಗತಿಯ ಮಾತಾಯಿತು. ನಾವು ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದು ಮೂರೇ ಪದ: ಖುಷಿ, ಸಿಟ್ಟು, ಬೇಜಾರು. ನಮ್ಮ ಭಾಷೆಯಲ್ಲಿ ಮುನಿಸು ಇದೆ, ದಿಗಿಲು ಇದೆ, ಕಸಿವಿಸಿ ಇದೆ, ಹೊಟ್ಟೆಕಿಚ್ಚು ಇದೆ. ಸಿಟ್ಟು ಬಂದ ಮಗುವನ್ನು ಸ್ವಲ್ಪ ಹೊತ್ತು ಅದರ ಪಾಡಿಗೆ ಬಿಡಬೇಕು. ಮುನಿಸಿಕೊಂಡ ಮಗುವನ್ನು ಯಾರಾದರೂ ಹೋಗಿ ಮಾತಾಡಿಸಬೇಕು. ಎರಡಕ್ಕೂ ಒಂದೇ ಹೆಸರಿಟ್ಟರೆ ಮಗುವಿಗೆ ತನಗೆ ಏನು ಬೇಕೆಂದು ಹೇಳಲು ಬರುವುದಿಲ್ಲ, ಅಲ್ವಾ? ಅಮೆರಿಕದಲ್ಲಿ 1994ರಲ್ಲಿ ಶುರುವಾದ ಕ್ಯಾಸೆಲ್ ಎಂಬ ಸಂಸ್ಥೆ, ಭಾವನೆಗಳನ್ನೂ ಸಂಬಂಧಗಳನ್ನೂ ನಿಭಾಯಿಸುವ ಈ ಕಲಿಕೆಯನ್ನು ಐದು ಭಾಗ ಮಾಡಿದೆ: ತನ್ನನ್ನು ಅರಿಯುವುದು, ತನ್ನನ್ನು ಹಿಡಿತದಲ್ಲಿಡುವುದು, ಬೇರೆಯವರನ್ನು ಅರಿಯುವುದು, ಸಂಬಂಧ ಉಳಿಸಿಕೊಳ್ಳುವುದು, ಯೋಚಿಸಿ ತೀರ್ಮಾನಿಸುವುದು. ಎರಡನೇ ತರಗತಿಯಲ್ಲಿ ನಾನು ಮೊದಲನೆಯದಕ್ಕೂ ಮೂರನೆಯದಕ್ಕೂ ಜಾಸ್ತಿ ಸಮಯ ಕೊಡುತ್ತೇನೆ. ಉಳಿದವು ಅವುಗಳ ಬೆನ್ನಿಗೇ ಬರುತ್ತವೆ.

ಇನ್ನು ಪುಸ್ತಕದ ಆಯ್ಕೆ. ಚಿತ್ರವೇ ಅರ್ಧ ಕಥೆ ಹೇಳುವ ಪುಸ್ತಕ ಹುಡುಕಿ. ಮಾರಿಸ್ ಸೆಂಡಾಕ್ ಅವರ 1963ರ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ ಸಿಕ್ಕರೆ ನೋಡಿ. ಸಿಟ್ಟಾದ ಹುಡುಗ ತನ್ನ ಕಲ್ಪನೆಯೊಳಗೆ ಹೋದ ಹಾಗೆಲ್ಲ ಚಿತ್ರ ದೊಡ್ಡದಾಗುತ್ತಾ ಬಿಳಿ ಅಂಚನ್ನೇ ನುಂಗಿಬಿಡುತ್ತದೆ. ನಡುವೆ ಕೆಲವು ಪುಟಗಳಲ್ಲಿ ಒಂದು ಪದವೂ ಇಲ್ಲ. ಸಿಟ್ಟು ಬಂದಾಗ ನಮಗೂ ಹಾಗೇ ಆಗುತ್ತದೆ, ಮಾತು ಎಲ್ಲೋ ಹೋಗಿರುತ್ತದೆ. ಪ್ರಾಣಿಗಳ ಕಥೆ ಮಕ್ಕಳಿಗೆ ಪ್ರಿಯ, ನಿಜ. ಆದರೆ ಟೊರಾಂಟೊದ ಸಂಶೋಧಕರು ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಹಂಚಿಕೊಳ್ಳುವ ಒಂದೇ ಕಥೆಯನ್ನು ಎರಡು ಬಗೆಯಲ್ಲಿ ಓದಿದರು. ಮನುಷ್ಯರ ಚಿತ್ರವಿದ್ದ ಪುಸ್ತಕ ಕೇಳಿದ ಮಕ್ಕಳು ಆಮೇಲೆ ತಮ್ಮ ಸ್ಟಿಕ್ಕರ್‌ಗಳನ್ನು ಹೆಚ್ಚು ಹಂಚಿಕೊಂಡರು. ಬಟ್ಟೆ ತೊಟ್ಟ ಪ್ರಾಣಿಗಳ ಪುಸ್ತಕ ಕೇಳಿದವರು ಹಾಗೆ ಮಾಡಲಿಲ್ಲ. ಅದಕ್ಕೆ ಪ್ರಾಣಿ ಕಥೆ ಬಿಡಬೇಕಿಲ್ಲ, ಬರೀ ಅದನ್ನೇ ನೆಚ್ಚಿಕೊಳ್ಳಬೇಡಿ.

ಒಂದು ತಪ್ಪು ಮಾತ್ರ ಮಾಡಬೇಡಿ, ಅದನ್ನು ನಾನು ಮಾಡಿದ್ದೇನೆ. ಒಬ್ಬ ಹುಡುಗ ಪಕ್ಕದವನಿಗೆ ಹೊಡೆದಿದ್ದ. ಮರುದಿನವೇ ಹೊಡೆದಾಟದ ಕಥೆ ತಂದು ಓದಿದೆ. ಮೂರನೇ ಪುಟಕ್ಕೆ ಇಡೀ ತರಗತಿ ತಿರುಗಿ ಅವನನ್ನೇ ನೋಡಿತು. ಅವನು ಡೆಸ್ಕ್ ಮೇಲೆ ತಲೆಯಿಟ್ಟುಬಿಟ್ಟ. ಪುಸ್ತಕದಲ್ಲಿರುವುದು ಬೇರೆ ಯಾರದೋ ನೋವು ಅನ್ನುವ ಧೈರ್ಯದಿಂದಲೇ ಮಕ್ಕಳು ಬಾಯಿ ಬಿಡುವುದು. ನಾನು ಅದನ್ನೇ ಕಿತ್ತುಕೊಂಡಿದ್ದೆ. ಈಗ ಜಗಳದ ಕಥೆ ಓದುವುದು ಜಗಳವಿಲ್ಲದ ವಾರದಲ್ಲಿ. ಯಾವುದಾದರೂ ಮಗು ಮಾತಿನ ನಡುವೆ ತನ್ನ ಮನೆಯ ಗಂಭೀರ ವಿಷಯ ಹೇಳಿದರೆ ಎಲ್ಲರೆದುರು ಕೆದಕುವುದಿಲ್ಲ. ಆಮೇಲೆ ಒಂಟಿಯಾಗಿ ಕೂತು ಕೇಳಿಸಿಕೊಂಡು, ಶಾಲೆಯಲ್ಲಿ ಅದಕ್ಕೆ ಹೊಣೆಯಿರುವವರಿಗೆ ತಿಳಿಸುತ್ತೇನೆ.

ಇದಕ್ಕೆಲ್ಲ ಸಮಯ ಕೊಟ್ಟರೆ ಓದು ಹಿಂದೆ ಬೀಳುತ್ತದೆ ಎಂದು ಯಾರಾದರೂ ಹೇಳಬಹುದು. ಭಾವನೆ, ಸಂಬಂಧಗಳ ಈ ಕಲಿಕೆಗೆಂದೇ ನಡೆದ 213 ಶಾಲಾ ಕಾರ್ಯಕ್ರಮಗಳ ಅಧ್ಯಯನಗಳನ್ನು ಸಂಶೋಧಕರು 2011ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಅದರಲ್ಲಿದ್ದ ಮಕ್ಕಳು 2.7 ಲಕ್ಷ. ಓದಿನ ಸಾಧನೆಯನ್ನು ಅಳೆದ ಕಡೆ, ಕಾರ್ಯಕ್ರಮ ಸಿಕ್ಕ ಮಕ್ಕಳು ಸಿಗದವರಿಗಿಂತ ಸರಾಸರಿ 11 ಪರ್ಸೆಂಟೈಲ್ ಮೇಲಿದ್ದರು, ಅಂದರೆ ನೂರು ಮಕ್ಕಳ ಸಾಲಿನ ನಡುವೆ ಇದ್ದ ಮಗು ಸುಮಾರು ಹನ್ನೊಂದು ಸ್ಥಾನ ಮೇಲೇರಿದ ಹಾಗೆ. ಅವೆಲ್ಲ ಚಿತ್ರಪುಸ್ತಕದ ಕಾರ್ಯಕ್ರಮಗಳಲ್ಲ, ಆದರೂ ಭಾವನೆಗೆ ಕೊಟ್ಟ ಸಮಯ ಓದನ್ನು ಕಸಿಯಲಿಲ್ಲ ಎನ್ನುವುದಕ್ಕೆ ಅಷ್ಟು ಸಾಕು.

ನನ್ನ ತರಗತಿಯಲ್ಲೂ ಕಿತ್ತಾಟ ನಿಂತಿಲ್ಲ. ಕೆಲವು ಸಲ ಕೈಗಿಂತ ಮೊದಲು ಮಾತು ಬರುತ್ತದೆ, ಅಷ್ಟೆ. ನೀವು ಈ ವಾರ ಹೊಸ ಪುಸ್ತಕ ಹುಡುಕಬೇಡಿ. ಆ ಹಂಚಿಕೊಳ್ಳುವ ಕಥೆಯನ್ನೇ ತೆಗೆಯಿರಿ. ಹಂಚುವ ಪುಟ ಬೇಡ, ಅದಕ್ಕೂ ಮುಂಚೆ ಮಗು ತನ್ನ ವಸ್ತುವನ್ನು ಎದೆಗೆ ಒತ್ತಿ ಹಿಡಿದಿರುವ ಪುಟ ಇದ್ದೇ ಇರುತ್ತದೆ. ಅಲ್ಲಿ ನಿಲ್ಲಿಸಿ, ‘ಇವನಿಗೆ ಯಾಕೆ ಕೊಡೋಕೆ ಮನಸ್ಸಿಲ್ಲ?’ ಎಂದು ಕೇಳಿ. ಅವರು ಏನು ಹೇಳಿದರು ಅಂತ ನನಗೂ ಬರೆಯಿರಿ.