ಒದ್ದೆ ಬಂಡೆಯ ಪಾಚಿಯಲ್ಲಿ ಬಿಳಿ ಹೂ: ಆರ್ಕಿಡ್ ಮರಿಯಲ್ಲ

ಬಾಬಾಬುಡನ್‌ಗಿರಿ ಕಡೆಯ ಜಿನುಗು ಬಂಡೆ, ಪಾಚಿಯ ಮೇಲೆ ಉಗುರಿಗಿಂತ ಚಿಕ್ಕ ಬಿಳಿ ಹೂ, ಬುಡದಲ್ಲಿ ಹಳದಿ ಚುಕ್ಕೆ. ಇಂಥ ಹೂವಿನ ಫೋಟೊ ಹಾಕಿ, ಇದು ಆರ್ಕಿಡ್ ಮರಿಯೇ ಎಂದು ಕೇಳಿದ್ದೀರಿ. ಅಲ್ಲ, ಇದು ಯುಟ್ರಿಕ್ಯುಲೇರಿಯಾ ಸ್ಟ್ರಿಯಾಟುಲ, ಕೀಟಾಹಾರಿ ಗಿಡ. ಇನ್ನೊಬ್ಬರು ಇದನ್ನು ಬಿಳಿ ಕರ್ಣಕುಂಡಲ (ಇಂಪೇಶಿಯನ್ಸ್ ಕುಲದ ಗಿಡ) ಎಂದಿದ್ದಾರೆ, ಅದೂ ಅಲ್ಲ.

ಎಲ್ಲರೂ ಹೂವಿನ ಮುಖದ ಫೋಟೊ ಮಾತ್ರ ಹಾಕುತ್ತಾರೆ. ಗುರುತು ಸಿಗುವುದು ಬೆನ್ನಲ್ಲಿ. ತಿರುಗಿಸಿ ನೋಡಿದರೆ ಪುಷ್ಪಪಾತ್ರೆಯ (ದಳಗಳ ಹೊರಗಿನ ಹೊದಿಕೆಯ) ಎಸಳು ಎರಡೇ ಇರುತ್ತವೆ, ಮೇಲಿನದು ಅಗಲ, ಕೆಳಗಿನದು ತೀರಾ ಚಿಕ್ಕದು. ಈ ಅಸಮಾನತೆಯೇ ಈ ಜಾತಿಯ ಮುಖ್ಯ ಗುರುತು. ಹೂವಿನ ಹಿಂದೆ ಚಾಚುವ ಕೊಳವೆಯಂಥ ಬಾಲ ಹೊರಡುವುದು ದಳದಿಂದ. ಕರ್ಣಕುಂಡಲದ ಬಾಲ ಪುಷ್ಪಪಾತ್ರೆಯ ಎಸಳಿನಿಂದಲೇ ಬರುತ್ತದೆ. ಆರ್ಕಿಡ್‌ನಲ್ಲಿ ಅಂಡಾಶಯ ಹೂವಿನ ಕೆಳಗೆ ತೊಟ್ಟಿನಂತೆ ಕಾಣುತ್ತದೆ, ಇಲ್ಲಿ ಅದು ಎರಡು ಎಸಳುಗಳ ನಡುವೆ ಅಡಗಿದೆ. ಮುಂಭಾಗದಲ್ಲಿ ಕೆಳತುಟಿ ಬೀಸಣಿಗೆಯಂತೆ ಹರಡಿ 3ರಿಂದ 5 ಭಾಗವಾಗಿರುತ್ತದೆ, ಮೇಲ್ತುಟಿ ಇದೆಯೋ ಇಲ್ಲವೋ ಎನ್ನುವಷ್ಟು ಚಿಕ್ಕದು. ಬಣ್ಣ ನಂಬಬೇಡಿ, ತಿಳಿ ನೇರಳೆಯೂ ಸಿಗುತ್ತದೆ.

ಗಿಡದ ಬುಡದಲ್ಲಿ ಪಾಚಿಯ ನಡುವೆ ಕೆಲವೇ ಮಿಲಿಮೀಟರ್ ಅಗಲದ ದುಂಡನೆಯ ಎಲೆಗಳಿರುತ್ತವೆ. ಅವು ಪಾಚಿಯದೇ ಎಂದುಕೊಂಡು "ಎಲೆಯಿಲ್ಲದ ಗಿಡ" ಎಂದು ಬರೆಯುವವರೇ ಹೆಚ್ಚು. ದಾರದಂಥ ಬಳ್ಳಿಗಳಲ್ಲಿ ಮಿಲಿಮೀಟರ್‌ಗೂ ಚಿಕ್ಕ ಚೀಲಗಳಿವೆ, 10 ಪಟ್ಟು ಹಿಗ್ಗಿಸುವ ಲೆನ್ಸ್ ಬೇಕು. ಚೀಲ ಒಳಗಿನ ನೀರನ್ನು ಹೊರದೂಡಿ ಒತ್ತಡ ತಗ್ಗಿಸಿಕೊಂಡಿರುತ್ತದೆ. ಸೂಕ್ಷ್ಮಜೀವಿ ಬಾಯಿಗೆ ತಗುಲಿದೊಡನೆ ಬಾಗಿಲು ತೆರೆದು ನೀರಿನ ಸಮೇತ ಒಳಗೆಳೆಯುತ್ತದೆ. ಬಂಡೆಯಲ್ಲಿ ಸಾರಜನಕ ಸಿಗದ ಕೊರತೆ ಹೀಗೆ ನೀಗುತ್ತದೆ. ಚೀಲ ನೋಡಲೆಂದು ಪಾಚಿ ಕಿತ್ತರೆ ಹಾಸು ಪೂರ್ತಿ ಎದ್ದು ಬರುತ್ತದೆ, ದಯವಿಟ್ಟು ಬೇಡ. ಹೂ ಮತ್ತು ಎಲೆ ಸಾಕು.

ಅದೇ ಜಾಗದಲ್ಲಿ ಗೊಂದಲ ಮಾಡುವವು: ಸೊನೆರಿಲ (ಮೂರೇ ದಳ, ಮೂರು ಚೂಪು ಹಳದಿ ಕೇಸರ, ಬಾಲವಿಲ್ಲ), ಇಂಪೇಶಿಯನ್ಸ್ ಅಕಾಲಿಸ್ (ಗುಲಾಬಿ ಹೂ, ಉದ್ದ ಬಾಲ, ದೊಡ್ಡ ಎಲೆ, ಗೆಡ್ಡೆ). ಗದ್ದೆ ಬದಿ, ಜೌಗಿನಲ್ಲಿ ಹುಲ್ಲಿಗೆ ಸುತ್ತಿಕೊಂಡು ಕಡು ನೀಲಿ ಹೂ ಬಿಡುವುದು ಯುಟ್ರಿಕ್ಯುಲೇರಿಯಾ ರೆಟಿಕ್ಯುಲೇಟ, ಅದರ ಕೆಳತುಟಿಯಲ್ಲಿ ಬಲೆಯಂಥ ಗೆರೆಗಳಿರುತ್ತವೆ.

ಇನ್ನೊಮ್ಮೆ ಹೋದರೆ ನಾಲ್ಕು ಫೋಟೊ ತನ್ನಿ: ಮುಖ, ಪಕ್ಕ, ಬೆನ್ನು, ಬುಡದ ಎಲೆ. ಪಕ್ಕದಲ್ಲಿ ಸ್ಕೇಲ್ ಇರಲಿ. ಮೊಬೈಲ್ ಫೋಕಸ್ ಹಿಂದಿನ ಬಂಡೆಗೆ ಹೋಗುತ್ತದೆ, ಹೂವಿನ ಹಿಂದೆ ಅಂಗೈ ಹಿಡಿದರೆ ಸರಿಹೋಗುತ್ತದೆ. ತಡಮಾಡಬೇಡಿ, ಜಿನುಗು ನಿಂತು ಬಂಡೆ ಒಣಗಿದರೆ ಗಿಡವೂ ಒಣಗುತ್ತದೆ. ಮನೆಗೆ ತರುವ ಯೋಚನೆ ಬಿಡಿ: ಅನುಮತಿಯಿಲ್ಲದೆ ಕಾಡಿನಿಂದ ಕೀಳುವಂತಿಲ್ಲ, ಗೊಬ್ಬರದ ಮಣ್ಣು, ಗಡಸು ಬೋರ್‌ವೆಲ್ ನೀರಿನಲ್ಲಿ ಅದು ಬದುಕುವುದೂ ಇಲ್ಲ.