ಬುರುಜು ಗಟ್ಟಿಯಿದ್ದರೂ ಕೋಟೆ ಬಿದ್ದದ್ದೇಕೆ?

ಪ್ರಶ್ನೆ: ಮಲಿಕ್-ಎ-ಮೈದಾನ್ ತೋಪನ್ನೂ ಉಪ್ಪಲಿ ಬುರುಜನ್ನೂ ನೋಡಿದವರಿಗೆ, ಇಂಥ ಕೋಟೆ 1686ರಲ್ಲಿ ಮೊಗಲರಿಗೆ ಶರಣಾಯಿತೆಂದರೆ ನಂಬುವುದು ಕಷ್ಟ. ಒಳಜಗಳವೇ ಕಾರಣವೆನ್ನುತ್ತಾರೆ. ದರ್ಬಾರಿನ ಜಗಳಕ್ಕೂ ಕೋಟೆಗೋಡೆಗೂ ಏನು ಸಂಬಂಧ?
– ಓದುಗರೊಬ್ಬರು, ವಿಜಯಪುರ

ಉತ್ತರ: ನಿಮ್ಮ ಊರಿನ ಕೋಟೆಗೋಡೆಯ ಸುತ್ತಳತೆ ಸುಮಾರು 10 ಕಿಲೋಮೀಟರ್, ಬುರುಜುಗಳು 96. ಇಷ್ಟು ಉದ್ದದ ಗೋಡೆಯನ್ನು ಹಗಲಿರುಳು ಕಾಯಲು ಒಳಗೆ ಸಾಕಷ್ಟು ಕಾಲಾಳುಗಳೂ, ಮುತ್ತಿಗೆ ಹಾಕಿದವರಿಗೆ ಬರುವ ದವಸವನ್ನು ದಾರಿಯಲ್ಲೇ ತಡೆಯಲು ಹೊರಗೆ ಕುದುರೆ ದಂಡೂ ಬೇಕು. ಇವೆರಡೂ ಒಂದೇ ಅಪ್ಪಣೆಗೆ ನಡೆದರೆ ಮಾತ್ರ ಕಲ್ಲು ಕೋಟೆಯಾಗುತ್ತದೆ.

ಇದಕ್ಕೆ ಈ ಊರಿನ ಚರಿತ್ರೆಯಲ್ಲೇ ಸಾಕ್ಷಿಯಿದೆ. ಮೊಗಲರ ಸೇನಾಪತಿ ರಾಜಾ ಜಯಸಿಂಹ 1665ರ ಕೊನೆಗೆ ದಂಡೆತ್ತಿ ಬಂದಾಗ ಇಲ್ಲಿನ ಸುಲ್ತಾನ ಎರಡನೆಯ ಅಲಿ ಆದಿಲ್‌ಶಾಹನ ಕಡೆಯವರು ಊರ ಸುತ್ತಲಿನ ಬಾವಿಗಳಿಗೆ ಮಣ್ಣು ತುಂಬಿ, ಗಿಡಮರ ಕಡಿದು, ಶಹಾಪುರ ಮತ್ತು ನವರಸಪುರದ ಕೆರೆಗಳ ನೀರನ್ನು ಹರಿಯಬಿಟ್ಟರು. ಅದೇ ಹೊತ್ತಿಗೆ ಅವರ ಕುದುರೆ ಸವಾರರು ಶತ್ರುವಿನ ಸೀಮೆಯೊಳಗೇ ನುಗ್ಗಿದರು. ನೀರೂ ಮೇವೂ ಇಲ್ಲದ ನೆಲದಲ್ಲಿ ನಿಲ್ಲಲಾರದೆ ಜಯಸಿಂಹ ಮುತ್ತಿಗೆ ಹಾಕುವ ಮೊದಲೇ ಹಿಂದಿರುಗಿದ. ತಮ್ಮ ಹೊಲ, ಬಾವಿಗಳನ್ನು ಕಳೆದುಕೊಂಡ ಹಳ್ಳಿಗರು ತೆತ್ತ ಬೆಲೆಯನ್ನೂ ಇಲ್ಲಿ ನೆನೆಯಬೇಕು.

1672ರಲ್ಲಿ ಅಲಿ ತೀರಿಕೊಂಡಾಗ ಪಟ್ಟಕ್ಕೆ ಬಂದ ಅವನ ಮಗ ಸಿಕಂದರ್ ಇನ್ನೂ ನಾಲ್ಕು ವರ್ಷದ ಮಗು. ಆತನ ಹೆಸರಿನಲ್ಲಿ ಆಳುವ ಹಕ್ಕಿಗಾಗಿ ದಖನಿ (ದಖನ್ ನೆಲದಲ್ಲೇ ನೆಲೆಯೂರಿದ್ದ) ಮತ್ತು ಅಫಘಾನ್ ಸರದಾರರು ಪರಸ್ಪರ ಕತ್ತಿ ಹಿರಿದರು. ಅಫಘಾನರ ನಾಯಕ ಬಹಲೋಲ್ ಖಾನನು ದಖನಿಗಳ ನಾಯಕ ಖವಾಸ್ ಖಾನನನ್ನು ಸೆರೆಹಿಡಿದು ಕೊಲ್ಲಿಸಿದ. ಶತ್ರುವನ್ನು ಎದುರಿಸಬೇಕಾಗಿದ್ದ ಸೈನಿಕರು ತಮ್ಮವರ ಕೈಯಲ್ಲೇ ಸತ್ತರು, ಬೊಕ್ಕಸ ಬರಿದಾಯಿತು. ನನ್ನ ಎಣಿಕೆಯಲ್ಲಿ ಕೋಟೆಗೆ ಬಿದ್ದ ಮೊದಲ ಬಿರುಕು ಇದೇ.

1685ರ ಏಪ್ರಿಲ್‌ನಲ್ಲಿ ಮುತ್ತಿಗೆ ಆರಂಭವಾದಾಗ ಮೊಗಲ್ ಪಾಳೆಯದಲ್ಲೂ ಹಸಿವಿತ್ತು. ಆದರೆ ಅವರ ಸೇನಾನಿ ಫಿರೋಜ್ ಜಂಗ್ ಕಾವಲಿನೊಡನೆ ದವಸ ತಲುಪಿಸಿದ್ದರಿಂದ ಅವರು ಉಳಿದುಕೊಂಡರು. ಮರುವರ್ಷ ಕೋಟೆಯೊಳಗೆ ಆಹಾರವಿಲ್ಲದೆ ಜನರೂ ಕುದುರೆಗಳೂ ಸತ್ತವು. ಕುದುರೆಗಳೇ ಇಲ್ಲದಾಗ ಹೊರಗೆ ಹೋಗಿ ಶತ್ರುವಿನ ದಾರಿ ಕಟ್ಟುವವರು ಯಾರು? ಜುಲೈನಲ್ಲಿ ಔರಂಗಜೇಬನೇ ಬಂದು ನಿಂತ. ಸೆಪ್ಟೆಂಬರ್ 12ರಂದು ಸಿಕಂದರ್ ಶರಣಾದ. ನೀವು ನೋಡಿದ ತೋಪು ಅಂದೂ ಬುರುಜಿನ ಮೇಲೆಯೇ ಇತ್ತು.