'ಹೊಳೆಯುತ್ತದೆ' ಎಂದು ಬರೆಯುವ ಮುನ್ನ

ಪ್ರಿಯ ಬರಹಗಾರರೇ,

ಅಲ್‌ಝೈಮರ್ಸ್ ಕಾಯಿಲೆಯಲ್ಲಿ ಮೆದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್, ಟೌ ಎಂಬ ಪ್ರೋಟೀನುಗಳನ್ನು ಪತ್ತೆಹಚ್ಚುವ, ರಕ್ತನಾಳಕ್ಕೆ ಕೊಡುವ ವಿಕಿರಣಶೀಲ ಗುರುತು-ಅಣುಗಳಾದ ಟ್ರೇಸರ್‌ಗಳ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ವಿಷಯದ ಆಯ್ಕೆ ಒಳ್ಳೆಯದು, ಭಾಷೆಯೂ ಸರಾಗವಾಗಿದೆ. ಆದರೆ ಮೂರನೆಯ ಪುಟದ ಎರಡು ವಾಕ್ಯಗಳು ನನ್ನನ್ನು ಬಹಳ ಕಾಡಿದವು. ಅವುಗಳ ಕುರಿತು ಮಾತ್ರ ಬರೆಯುತ್ತೇನೆ.

ಮೊದಲನೆಯದು: 'ಟ್ರೇಸರ್ ಅಂಟಿಕೊಂಡ ಕೂಡಲೇ ಅಮಿಲಾಯ್ಡ್ ಮೆದುಳಿನೊಳಗೆ ಕೆಂಪಗೆ ಹೊಳೆಯುತ್ತದೆ.' ಮೆದುಳಿನೊಳಗೆ ಏನೂ ಹೊಳೆಯುವುದಿಲ್ಲ. ಟ್ರೇಸರ್‌ನಲ್ಲಿರುವ ವಿಕಿರಣಶೀಲ ಪರಮಾಣು ಒಂದು ಪಾಸಿಟ್ರಾನನ್ನು, ಅಂದರೆ ಧನ ವಿದ್ಯುದಂಶವಿರುವ ಎಲೆಕ್ಟ್ರಾನಿನ ಪ್ರತಿಕಣವನ್ನು, ಹೊರಸೂಸುತ್ತದೆ. ಅದು ಹತ್ತಿರದ ಎಲೆಕ್ಟ್ರಾನನ್ನು ಕೂಡಿ ಎರಡೂ ಅಳಿದಾಗ, ಎರಡು ಗಾಮಾ ಕಿರಣಗಳು ಒಂದಕ್ಕೊಂದು ಎದುರು ದಿಕ್ಕಿನಲ್ಲಿ ಹೊರಡುತ್ತವೆ. ತಲೆಯ ಸುತ್ತಲಿನ ಡಿಟೆಕ್ಟರ್‌ಗಳು ಇಂತಹ ಜೋಡಿಗಳನ್ನು ಎಣಿಸುತ್ತವೆ, ಆ ಎಣಿಕೆಯಿಂದ ಕಂಪ್ಯೂಟರ್ ಚಿತ್ರವನ್ನು ಕಟ್ಟುತ್ತದೆ; ಇದೇ ಪೆಟ್ ಸ್ಕ್ಯಾನ್. ಕೆಂಪು ಬಣ್ಣ ಆಮೇಲೆ ಹಚ್ಚಿದ್ದು.

ಈ ತಪ್ಪು ಎಲ್ಲಿಂದ ಬಂದಿರಬಹುದೆಂದು ಊಹಿಸಬಲ್ಲೆ. ಥಯೋಫ್ಲೇವಿನ್ ಎಂಬ ಬಣ್ಣ ಹಚ್ಚಿದ ಅಂಗಾಂಶದಲ್ಲಿ ಅಮಿಲಾಯ್ಡ್ ಸೂಕ್ಷ್ಮದರ್ಶಕದಡಿ ನಿಜಕ್ಕೂ ಹೊಳೆಯುತ್ತದೆ. ಅಮೆರಿಕದ ವಿಜ್ಞಾನಿಗಳಾದ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮ್ಯಾಥಿಸ್ ಅದೇ ಅಣುವನ್ನು ಮಾರ್ಪಡಿಸಿ ಪಿಟ್ಸ್‌ಬರ್ಗ್ ಕಾಂಪೌಂಡ್-ಬಿ ಎಂಬ ಟ್ರೇಸರ್ ರೂಪಿಸಿದರು; ಸ್ವೀಡನ್ನಿನ ಉಪ್ಸಲಾದಲ್ಲಿ 2002ರಲ್ಲಿ ಅದನ್ನು ಮೊದಲ ಬಾರಿ ಮನುಷ್ಯರಿಗೆ ಕೊಟ್ಟು ನೋಡಲಾಯಿತು. ಅಣು ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಯಿಂದ ರಕ್ತನಾಳಕ್ಕೆ ಬಂದಿತು. ನಿಮ್ಮ ಕ್ರಿಯಾಪದ ಗಾಜಿನ ಪಟ್ಟಿಯ ಮೇಲೆಯೇ ಉಳಿಯಿತು. ಫ್ಲೋರ್‌ಬೆಟಾಪಿರ್ ಎಂಬ ಇನ್ನೊಂದು ಅಮಿಲಾಯ್ಡ್ ಟ್ರೇಸರ್‌ನ ಚಿತ್ರಗಳನ್ನು ಓದುವುದು ಕಪ್ಪು-ಬಿಳುಪಿನಲ್ಲಿ. ಅಮಿಲಾಯ್ಡ್ ಇಲ್ಲದವರಲ್ಲೂ ಮೆದುಳಿನ ಬಿಳಿ ದ್ರವ್ಯ ಟ್ರೇಸರನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳುವುದರಿಂದ, ಅದಕ್ಕೂ ಹೊರಪದರದ ಬೂದು ದ್ರವ್ಯಕ್ಕೂ ನಡುವಿನ ಗಡಿ ಸ್ಪಷ್ಟವಾಗಿದೆಯೇ, ಅಮಿಲಾಯ್ಡ್‌ನಿಂದ ಮಸುಕಾಗಿದೆಯೇ ಎಂದು ವೈದ್ಯರು ನೋಡುತ್ತಾರೆ. ಹೊಳಪನ್ನೇ ಹುಡುಕುವ ಓದುಗರು ಅಮಿಲಾಯ್ಡ್ ಇಲ್ಲದ ಮೆದುಳಿನ ಚಿತ್ರವನ್ನು ಕಂಡೂ ಬೆಚ್ಚಿಬೀಳುತ್ತಾರೆ.

ಎರಡನೆಯದು ಇನ್ನೂ ಗಂಭೀರ: 'ಸ್ಕ್ಯಾನ್ ಪಾಸಿಟಿವ್ ಬಂದರೆ ಅಲ್‌ಝೈಮರ್ಸ್ ಖಚಿತ.' ನಾನು ಉಪಸಂಪಾದಕನಾಗಿ ಸೇರಿದ ವರ್ಷ ಒಂದು ರಕ್ತಪರೀಕ್ಷೆಯ ಸುದ್ದಿಗೆ 'ರೋಗ ದೃಢ' ಎಂಬ ಶೀರ್ಷಿಕೆ ಕೊಟ್ಟಿದ್ದೆ. ಹಿರಿಯ ಸಂಪಾದಕರು ಕರಡಚ್ಚಿನಲ್ಲಿ 'ದೃಢ' ಪದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಆ ಪರೀಕ್ಷೆ ಏನನ್ನು ಅಳೆಯುತ್ತದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದು ತರಲು ಹೇಳಿದರು. ನಾಲ್ಕು ಸಲ ಬರೆದೆ. ನಾಲ್ಕನೆಯ ವಾಕ್ಯದಲ್ಲಿ 'ದೃಢ' ಎಂಬ ಪದಕ್ಕೆ ಜಾಗವೇ ಇರಲಿಲ್ಲ.

ನೀವೂ ಹಾಗೆಯೇ ಬರೆದು ನೋಡಿ. ಪಾಸಿಟಿವ್ ಸ್ಕ್ಯಾನ್ ಹೇಳುವುದು ಅಮಿಲಾಯ್ಡ್ ಶೇಖರಣೆ ಇದೆ ಎಂದಷ್ಟೇ. ನೆನಪಿನ ಶಕ್ತಿ ಚೆನ್ನಾಗಿರುವ ಅನೇಕ ವೃದ್ಧರಲ್ಲೂ ಅದು ಇರುತ್ತದೆ. ಮರೆವಿರುವ ವ್ಯಕ್ತಿಯ ಸ್ಕ್ಯಾನ್ ನೆಗೆಟಿವ್ ಬಂದರೆ, ಮರೆವಿಗೆ ಬೇರೆ ಕಾರಣ ಹುಡುಕಬೇಕೆಂಬ ಸೂಚನೆ ಸಿಗುತ್ತದೆ. ಇಷ್ಟು ಮುಖ್ಯವಾದ ಸಂಗತಿಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ. ರೋಗಲಕ್ಷಣಗಳ ಜೊತೆಜೊತೆಗೆ ಹೆಚ್ಚು ನಿಕಟವಾಗಿ ಸಾಗುವುದು ನರಕೋಶಗಳೊಳಗೆ ಸಿಕ್ಕುಗಟ್ಟುವ ಟೌ ಪ್ರೋಟೀನು. ಅದನ್ನು ತೋರಿಸುವ ಫ್ಲೋರ್‌ಟೌಸಿಪಿರ್ ಟ್ರೇಸರ್‌ಗೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 2020ರಲ್ಲಿ. ನೀವು ಇದನ್ನು ಅಮಿಲಾಯ್ಡ್ ಜೊತೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದೀರಿ.

ತಂದೆಯ ಸ್ಕ್ಯಾನ್ ವರದಿಯನ್ನು ಕೈಯಲ್ಲಿ ಹಿಡಿದು ಕುಳಿತ ಮಗಳೊಬ್ಬಳು ಈ ಪುಟವನ್ನು ಓದುತ್ತಾಳೆ ಎಂದುಕೊಂಡು ಆ ಎರಡು ವಾಕ್ಯಗಳನ್ನು ಮತ್ತೆ ಬರೆಯಿರಿ. ಮೂರನೆಯ ಪುಟವನ್ನಷ್ಟೇ ಕಳುಹಿಸಿದರೆ ಸಾಕು. ಉಳಿದದ್ದನ್ನು ಆಮೇಲೆ ನೋಡೋಣ.